ಎಡಗಣ್ಣಿನ ಕೆಳಗಿನ ಸುಳಿ

ಒಂದು ಕುದುರೆಯ ಎಡಗಣ್ಣಿನ ಕೆಳಗೆ, ಜೋಳದ ಕಾಳಿನಷ್ಟು ಅಗಲದ ಜಾಗದಲ್ಲಿ, ಕೂದಲು ನೆಟ್ಟಗೆ ಮಲಗಿದೆಯೋ ಸುತ್ತಿಕೊಂಡಿದೆಯೋ ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ೧೯೭೭ರ ಬೇಸಿಗೆಯಲ್ಲಿ ದಿಲ್ಲಿಯ ಸರಕಾರ ಬದಲಾಗಿತ್ತು. ಜೈಲಿನಲ್ಲಿದ್ದವರು ಮಂತ್ರಿಗಳಾಗಿದ್ದರು, ಮಂತ್ರಿಗಳಾಗಿದ್ದವರು ವಕೀಲರನ್ನು ಹುಡುಕುತ್ತಿದ್ದರು. ಸೊಲ್ಲಾಪುರದ ಚಹದಂಗಡಿಗಳಲ್ಲಿ ಅದರ ಮಾತು ಒಂದೆರಡು ವಾರ ನಡೆದು ನಿಂತುಹೋಯಿತು. ಆದರೆ ವಾಗದರಿಯ ಶಾಂತಲಿಂಗಪ್ಪನ ಬಿಳಿ ಕುದುರೆಯ ಎಡಗಣ್ಣಿನ ಕೆಳಗೆ ಏನಿದೆ ಎಂಬ ಮಾತು ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ಅಲ್ಲಿಂದ ತಡವಳಕ್ಕೆ ಹೋಗಿ ಒಂದು ಪೂರ್ತಿ ಮಳೆಗಾಲ ತಿರುಗಾಡಿತು.

ಶಾಂತಲಿಂಗಪ್ಪ ವಾಗದರಿಯಲ್ಲಿ ನಲವತ್ತು ಎಕರೆ ಎರೆಹೊಲವಿದ್ದ ಮನೆಯ ಮೂರನೆಯ ಮಗ. ಹೊಲ ನೋಡಿಕೊಳ್ಳಲು ಇಬ್ಬರು ಅಣ್ಣಂದಿರಿದ್ದರು. ಅವನು ನೋಡಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಣ್ಣನೊಡನೆ ಜೋಳ ತುಂಬಿದ ಬಂಡಿ ಹೊಡೆದುಕೊಂಡು ಅಕ್ಕಲಕೋಟೆಗೆ ಹೋದವನು ಸಂಸ್ಥಾನದ ಕುದುರೆಗಳನ್ನು ಬೆಳಗಿನ ಹೊತ್ತು ತಿರುಗಾಡಿಸುವುದನ್ನು ನೋಡಿದ. ಬಂಡಿ ಅಣ್ಣನ ಜೊತೆ ವಾಪಸು ಬಂತು, ಅವನು ಬರಲಿಲ್ಲ. ಹಿರಿಯರ ಮನೆಯ ಮಗ ಪಾಗಾದಲ್ಲಿ, ಅಂದರೆ ಸಂಸ್ಥಾನದ ಲಾಯದಲ್ಲಿ, ಲದ್ದಿ ಬಳಿಯುತ್ತಿದ್ದಾನೆ ಎಂಬ ಸುದ್ದಿ ವಾಗದರಿಗೆ ಮುಟ್ಟಿದಾಗ ಅವನ ಅಪ್ಪ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಹಸಿವಾಯಿತು.

ಪಾಗಾದಲ್ಲಿ ಕುದುರೆ ಪಳಗಿಸುತ್ತಿದ್ದ ದಸ್ತಗೀರ ಚಾಚಾ ಎಂಬ ಮುದುಕನಿಂದ ಅವನು ಮೂರು ವಿದ್ಯೆ ಕಲಿತ. ಕುದುರೆಯ ಜೊತೆ ನಡೆಯುವುದು ಮೊದಲನೆಯದು. ನಡೆಯುವುದರಲ್ಲಿ ಕಲಿಯುವುದೇನು ಎನ್ನುವವರು ಕುದುರೆಯ ಜೊತೆ ನಡೆದವರಲ್ಲ. ಎರಡನೆಯದು, ಕುದುರೆಗೆ ಸದ್ದಿನ ಹೆದರಿಕೆ ಬಿಡಿಸುವುದು. ಮೂರನೆಯದು ಸುಳಿ ನೋಡುವುದು. ಕುದುರೆಯ ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆಯೋ ಅಲ್ಲೆಲ್ಲ ಯಜಮಾನನ ಹಣೆಬರಹವಿದೆ ಎಂದು ಆ ಸೀಮೆಯ ಜನ ನಂಬಿದ್ದರು. ಕೊರಳಲ್ಲಿ ಸುಳಿಯಿದ್ದರೆ ಮನೆ ಬೆಳಗುತ್ತದೆ. ಬೆನ್ನ ಮೇಲೆ ಹಾವಿನಂತೆ ಹರಿದಿದ್ದರೆ ಮನೆ ಒಡೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿನ ಕೆಳಗೆ, ನೀರು ಇಳಿಯುವ ದಾರಿಯಲ್ಲಿ ಇರುವ ಸುಳಿ. ಅದಕ್ಕೆ ಕಣ್ಣೀರ ಸುಳಿ ಎನ್ನುತ್ತಿದ್ದರು. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪದು. ಲಗ್ನದ ಮನೆಯ ಹತ್ತಿರವಂತೂ ಅದನ್ನು ಸುಳಿಯಗೊಡುತ್ತಿರಲಿಲ್ಲ.

ಸಂಸ್ಥಾನ ವಿಲೀನವಾದದ್ದನ್ನು ಉಳಿದವರು ಪತ್ರಿಕೆಯಲ್ಲಿ ಓದಿದರು. ಶಾಂತಲಿಂಗಪ್ಪ ಅದನ್ನು ಒಂದೊಂದೇ ಕುದುರೆಯಾಗಿ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಹೊಸ ಯಜಮಾನರ ಬಾಗಿಲಲ್ಲಿ ಬಿಟ್ಟು ಬಂದ. ಮಂಗಳವೇಢೆಗೆ ಎರಡು, ಸೊಲ್ಲಾಪುರಕ್ಕೆ ಏಳು, ತಡವಳದ ಪಾಟೀಲರ ಮನೆಗೆ ಒಂದು. ಕೊನೆಯದನ್ನು ಬಿಟ್ಟು ವಾಪಸು ಬಂದಾಗ ಚಾಚಾ ಖಾಲಿ ಲಾಯದ ಮುಂದೆ ಕೂತು ಬಾರುಕೋಲಿಗೆ ಎಣ್ಣೆ ಸವರುತ್ತಿದ್ದ. ಯಾವ ಕುದುರೆಗೆ ಎಂದು ಶಾಂತಲಿಂಗಪ್ಪ ಕೇಳಲಿಲ್ಲ.

ಆಮೇಲೆ ಅದೇ ಅವನ ಕಸುಬಾಯಿತು: ಕುದುರೆ ಕೊಳ್ಳುವುದು, ಪಳಗಿಸುವುದು, ಮಾರಿದ ಮನೆಗೆ ಮುಟ್ಟಿಸುವುದು. ಮಾರಿದ ಕುದುರೆಯ ಮೇಲೆ ಮಾರಿದವನು ಕೂರಬಾರದೆಂಬುದು ಆ ಕಸುಬಿನ ಕಟ್ಟಳೆ. ಆದ್ದರಿಂದ ಕುದುರೆಗಳ ನಡುವೆ ಬಾಳಿದ ಶಾಂತಲಿಂಗಪ್ಪ ಬದುಕಿನ ಬಹುಪಾಲು ದಾರಿಯನ್ನು ತನ್ನ ಕಾಲಿನ ಮೇಲೆಯೇ ಸವೆಸಿದ. ಸೊಲ್ಲಾಪುರದಿಂದ ಅಕ್ಕಲಕೋಟೆಯ ಇಪ್ಪತ್ನಾಲ್ಕು ಮೈಲಿಯಲ್ಲಿ ಎಲ್ಲಿ ಯಾವ ಜಾಲಿಮರದ ನೆರಳು ಯಾವ ಹೊತ್ತಿಗೆ ರಸ್ತೆಗೆ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ವಳಸಂಗದ ಹತ್ತಿರದ ಬಾವಿಯ ನೀರು ಕುದುರೆಗೆ ಸೇರುತ್ತದೆ, ಅದರಾಚೆಯ ಹಳ್ಳದ ನೀರು ಸೇರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಎರಡೂ ಕಡೆ ಆಳೆತ್ತರದ ಜೋಳ, ನಡುವೆ ಬಿಳಿ ಮಣ್ಣಿನ ದಾರಿ, ಕಿವಿಯ ಪಕ್ಕದಲ್ಲಿ ಕುದುರೆಯ ಉಸಿರು. ನಸುಕಿನಲ್ಲಿ ಸೊಲ್ಲಾಪುರ ಇನ್ನೂ ಕಾಣಿಸದಿದ್ದರೂ ಗಿರಣಿಯ ಭೋಂಗಾ ಕೂಗಿದ್ದು ಹೊಲಗಳ ಮೇಲಿಂದ ಹಾದು ಬರುತ್ತಿತ್ತು. ಆ ಸದ್ದಿಗೆ ಬೆಚ್ಚುವ ಕುದುರೆ ಊರಿಗೆ ಇನ್ನೂ ತಯಾರಾಗಿಲ್ಲವೆಂದು ಅವನು ಅಲ್ಲಿಂದಲೇ ಹಿಂದಕ್ಕೆ ತಿರುಗಿದ್ದೂ ಉಂಟು.

“ನಿಮ್ಮ ಹೆಜ್ಜಿ ಸಪ್ಪಳ ನನಗ ಗುರ್ತ ಸಿಗಂಗಿಲ್ಲ,” ಎನ್ನುತ್ತಿದ್ದಳು ಅವನ ಹೆಂಡತಿ ನೀಲಾಬಾಯಿ. “ಆರು ಕಾಲಿನ ಸಪ್ಪಳ ಕೇಳಿದ್ರ ಮನಿಯವರು ಬಂದಾರ ಅಂತ ತಿಳಕೋತೀನಿ.”

ಕುದುರೆ ಕೊಡುಕೊಳ್ಳುವವರು ಅವನನ್ನು ಮೊದಲು ಕರೆಯುತ್ತಿದ್ದದ್ದು ಸುಳಿ ನೋಡಲು. ಮೂವತ್ತು ವರ್ಷ ನೋಡಿದ, ಒಮ್ಮೆಯೂ ಸುಳ್ಳು ಹೇಳಲಿಲ್ಲ. ಅವನು ತಲೆಯಾಡಿಸಿದರೆ ವ್ಯಾಪಾರ, ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡರೆ ಇಲ್ಲ. ಒಮ್ಮೆಯೂ ಎಂಬುದು ಪೂರ್ತಿ ನಿಜವಲ್ಲ. ಒಂದು ಸಲ ಹೇಳಿದ್ದ.

ಅದು ೧೯೬೯ರಲ್ಲಿ, ಸೊಲ್ಲಾಪುರದ ಶುಕ್ರವಾರ ಪೇಠೆಯ ಕಲ್ಯಾಣಪ್ಪನ ವಾಡೆಯಲ್ಲಿ. ಕಲ್ಯಾಣಪ್ಪ ಚಾದರಿನ ದೊಡ್ಡ ವ್ಯಾಪಾರಿ. ಅವನ ತಂದೆ ಲಗ್ನದ ದಿನ ಕುದುರೆಯ ಮೇಲೆ ಸಿದ್ಧರಾಮೇಶ್ವರನ ಗುಡಿಗೆ ಹೋಗಿದ್ದ, ಅವನೂ ಹೋಗಿದ್ದ, ತಮ್ಮಂದಿರೂ ಹೋಗಿದ್ದರು. ತಮ್ಮಂದಿರ ಕುದುರೆಯ ಹಗ್ಗ ಹಿಡಿದವನು ಶಾಂತಲಿಂಗಪ್ಪ. ಆ ವರ್ಷ ಕಲ್ಯಾಣಪ್ಪ ಅಂಬಾಸಡರ್ ಮೋಟಾರು ತಂದ. ಮೋಟಾರಿಗೆ ಮನೆ ಬೇಕಲ್ಲ. ಹಿತ್ತಲಿನ ಲಾಯ ಬಿಟ್ಟು ಬೇರೆ ಜಾಗವಿರಲಿಲ್ಲ. ಟಾಂಗಾದ ಮುದಿ ಕುದುರೆಯನ್ನು ನೆಂಟರೊಬ್ಬರಿಗೆ ಕೊಟ್ಟಾಗಿತ್ತು. ಅದರ ವರ್ಷದ ಹೆಣ್ಣುಮರಿ ಉಳಿದಿತ್ತು. ಸುಟ್ಟ ಬೆಲ್ಲದ ಬಣ್ಣ, ಉದ್ದ ಕಾಲು, ಕಂಡವರ ಸೆರಗು ಎಳೆಯುವ ಚಾಳಿ. ಅದನ್ನು ಕೊಳ್ಳಲು ಮಂಗಳವೇಢೆಯಿಂದ ಒಬ್ಬ ದಲಾಲಿ ಬಂದಿದ್ದ. ಅವನ ಕುದುರೆಗಳ ಹೆಗಲ ಮೇಲೆ ವರ್ಷದ ಹನ್ನೆರಡು ತಿಂಗಳೂ ಹುಣ್ಣಿರುತ್ತಿತ್ತೆಂಬುದನ್ನು ಶಾಂತಲಿಂಗಪ್ಪ ಬಲ್ಲ.

ಸುಳಿ ನೋಡೆಂದು ಕಲ್ಯಾಣಪ್ಪನ ತಾಯಿ ಗುರುಲಿಂಗಮ್ಮ ಹೇಳಿಕಳಿಸಿದ್ದಳು. ವಾಡೆಯವರಿಗೆಲ್ಲ ಅವಳು ಆಯಿ, ಶಾಂತಲಿಂಗಪ್ಪನಿಗೂ ಆಯಿಯೇ. ಅವನು ಮರಿಯ ಮೈಮೇಲೆಲ್ಲ ಕೈಯಾಡಿಸಿದ. ಕೊರಳು, ಬೆನ್ನು, ಪಕ್ಕೆ, ಎಲ್ಲ ನಿರ್ಮಲ. ಆಮೇಲೆ ಮುಖ ಹಿಡಿದು ಬೆಳಕಿಗೆ ತಿರುಗಿಸಿದಾಗ ಕಣ್ಣಿನ ಸುತ್ತ, ಸೂಜಿಯಿಂದ ಹೊಲಿದಂತೆ, ನಾಲ್ಕಾರು ಬಿಳಿ ಕೂದಲು ಕಂಡವು.

ಅದರ ಅರ್ಥ ಆ ಅಂಗಳದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಕಣ್ಣಿನ ಸುತ್ತ ಮೊದಲು ಬೆಳ್ಳಗಾಗುವ ಮರಿ ವರ್ಷ ವರ್ಷಕ್ಕೆ ಬಣ್ಣ ಬಿಡುತ್ತಾ ಹೋಗುತ್ತದೆ. ಎಂಟು ವರ್ಷಕ್ಕೆ ಅದು ಹಾಲಿನಂಥ ಕುದುರೆ. ಪಾಗಾದಲ್ಲಿ ಅಂಥದ್ದು ಒಂದೇ ಇತ್ತು, ಅದನ್ನು ಅವನೇ ಮಂಗಳವೇಢೆಗೆ ಮುಟ್ಟಿಸಿ ಬಂದಿದ್ದ. ಅಂದು ಕೈಯಿಂದ ಹಗ್ಗ ಬಿಟ್ಟದ್ದು ಈಗಲೂ ಅಂಗೈಗೆ ನೆನಪಿತ್ತು. ಇತ್ತ ಕಲ್ಯಾಣಪ್ಪ ಮತ್ತು ದಲಾಲಿ ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಒತ್ತಿ ಬೆಲೆ ಕುದುರಿಸುತ್ತಿದ್ದರು. ಬಾಯಿಯಲ್ಲಿ ಇಬ್ಬರೂ ಮಳೆಯ ಮಾತಾಡುತ್ತಿದ್ದರು. ಟವೆಲು ನಿಂತಿತು. ವ್ಯಾಪಾರ ಮುಗಿದಂತೆ ಲೆಕ್ಕ.

“ಯಾಕೋ ಶಾಂತಲಿಂಗಾ, ಕಣ್ಣಿನ ಹಂತ್ಯಾಕ ಅಷ್ಟೊತ್ತು ನಿಂತಿ? ಏನರ ಅದ ಏನು?” ಎಂದು ಆಯಿ ಕೇಳಿದಳು.

“ಎಡಗಣ್ಣಿನ ಕೆಳಗ ಸುಳಿ ಅದರಿ ಆಯಿ,” ಎಂದ ಶಾಂತಲಿಂಗಪ್ಪ. “ಕಣ್ಣೀರ ಸುಳಿ.”

ದಲಾಲಿ ಟವೆಲಿನಿಂದ ಕೈ ತೆಗೆದ. ತೆಗೆದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಆಯಿ ಒಳಗಿನಿಂದ ಅರಿಷಿಣ ತಂದು ಮರಿ ನಿಂತ ಜಾಗಕ್ಕೆ ಚೆಲ್ಲಿದಳು. ಮೂರುಸಂಜೆಯಾಗುವುದರೊಳಗೆ ಇದು ವಾಡೆ ಬಿಡಬೇಕು, ಯಾರು ಒಯ್ದರೂ ಸರಿ ಎಂದಳು.

“ನಾನ ಒಯ್ಯತೀನ್ರಿ,” ಎಂದ ಅವನು. “ಹೊಲದಾಗ ಕಟ್ಟತೀನಿ. ಮನಿ ಹಂತ್ಯಾಕ ತರಂಗಿಲ್ಲ.”

“ಪಾಪ, ನಮ್ಮ ಪೀಡಾ ನೀ ಹೊತಗೊಂಡಿ,” ಎಂದು ಆಯಿ ಅವನ ಪಂಜೆಯ ತುದಿಗೆ ನಾಲ್ಕು ಜೋಳದ ಭಕ್ರಿ ಕಟ್ಟಿ ಕೊಟ್ಟಳು. ಮರಿ ದಾರಿಯುದ್ದಕ್ಕೂ ಆ ಗಂಟನ್ನು ಮೂಸುತ್ತ ಬಂತು.

ನೀಲಾಬಾಯಿಗೆ ಮಾತ್ರ ಅವನು ನಿಜ ಹೇಳಿದ. ಅವಳು ಕಂದೀಲು ಹಿಡಿದು ಮರಿಯ ಎಡಗಣ್ಣು ನೋಡಿ, ಗಂಡನ ಎರಡೂ ಕಣ್ಣು ನೋಡಿ ಹೇಳಿದಳು: “ಸುಳ್ಳು ಹೇಳಿದ್ದು ನೀವು ಮರೀತೀರಿ. ಕೇಳಿದ್ದು ಆಯಿ ಮರಿಯಂಗಿಲ್ಲ.”

ಮರಿ ಬೆಳೆಯಿತು. ಮೊದಲು ಬೂದಿ, ಆಮೇಲೆ ಕಬ್ಬಿಣ, ಆಮೇಲೆ ಮೋಡ. ಐದಾರು ವರ್ಷದಲ್ಲಿ ಮಂಗಳವೇಢೆಯ ಬಿಳಿಜೋಳದ ಬಣ್ಣಕ್ಕೆ ಬಂತು. ಆ ಜೋಳಕ್ಕೆ ಅಲ್ಲಿಯ ಮರಾಠಿಯಲ್ಲಿ ಶಾಳೂ ಎನ್ನುತ್ತಾರೆ. ಕುದುರೆಗೂ ಅದೇ ಹೆಸರಾಯಿತು. ಶಾಂತಲಿಂಗಪ್ಪ ನೆನೆಸಿದ ಕಡಲೆ ಇಡುವಾಗಲೆಲ್ಲ ಪಕ್ಕದಲ್ಲಿ ಕೂತು ಎಣ್ಣೆಯ ಡಬ್ಬಿ ಬಡಿಯುತ್ತಿದ್ದ. ಮೊದಲು ಮೆಲ್ಲಗೆ, ಆಮೇಲೆ ಊರವರು ಬಂದು ಕೇಳುವಷ್ಟು. ಸದ್ದೆಂದರೆ ಕಡಲೆ ಎಂದು ಕುದುರೆ ತಿಳಿದುಕೊಂಡಿತು. ನವರದೇವನನ್ನು, ಅಂದರೆ ಮದುಮಗನನ್ನು, ಹೊತ್ತು ಬ್ಯಾಂಡಿನ ಹಿಂದೆ ನಡೆಯುವಾಗ ಅದು ಕಿವಿ ಮುಂದೆ ಮಾಡಿ, ಊಟಕ್ಕೆ ಕರೆದವರ ಮನೆಗೆ ಹೊರಟಂತೆ ನಡೆಯುತ್ತಿತ್ತು. ಹಗ್ಗ ಯಾರು ಹಿಡಿದರೂ ಸರಿ, ಹೆಜ್ಜೆ ತಪ್ಪದಂತೆ ಕಲಿಸಿದ್ದ. ವರನ ಮಾವ, ಕುಡಿದ ಗೆಳೆಯ, ಯಾರಾದರೂ ಹಿಡಿಯಲಿ. ಅದು ತನ್ನ ವಿದ್ಯೆಯ ತುದಿಯೆಂದು ಅವನು ಬೀಗುತ್ತಿದ್ದ.

ಅಕ್ಕಲಕೋಟೆ, ವಾಗದರಿ, ತಡವಳ, ಎಲ್ಲೆಲ್ಲೂ ಶಾಳೂವಿಗೆ ಕರೆ ಬಂತು. ಸೊಲ್ಲಾಪುರದ ಕರೆಗೆ ಮಾತ್ರ ಅವನು ಏನಾದರೊಂದು ನೆವ ಹೇಳುತ್ತಿದ್ದ. ಒಮ್ಮೆ ಲಾಳ ಸಡಿಲಾಗಿದೆಯೆಂದ, ಒಮ್ಮೆ ತನಗೇ ಜ್ವರವೆಂದ.

೧೯೭೭ರ ಚೈತ್ರದಲ್ಲಿ ತಡವಳದ ಒಂದು ಲಗ್ನಕ್ಕೆ ಕಲ್ಯಾಣಪ್ಪನ ಕಿರಿಯ ಮಗ ರೇವಣಸಿದ್ಧ ಹೋಗಿದ್ದ. ಅವನ ಸೋದರತ್ತೆ ಇಂದುಬಾಯಿಯನ್ನು ಕೊಟ್ಟ ಊರು ಅದು. ಬಿಳಿ ಕುದುರೆ ನೋಡಿ ಬಂದವನು ಮನೆಯಲ್ಲಿ ಹೇಳಿಬಿಟ್ಟ: ತನ್ನ ಲಗ್ನಕ್ಕೆ ಮೋಟಾರು ಬೇಡ, ಆ ಕುದುರೆಯ ಮೇಲೆಯೇ ಗುಡಿಗೆ ಹೋಗುವುದು. ವಾಗದರಿಗೆ ಕಲ್ಯಾಣಪ್ಪನ ಪತ್ರ ಬಂತು. ಪತ್ರ ಮರಾಠಿಯಲ್ಲಿತ್ತು, ಬೈಯುವುದಿದ್ದರೆ ಮಾತ್ರ ಕಲ್ಯಾಣಪ್ಪ ಕನ್ನಡದಲ್ಲಿ ಬರೆಯುತ್ತಿದ್ದ.

“ಹೋಗಬ್ಯಾಡ್ರಿ,” ಎಂದಳು ನೀಲಾಬಾಯಿ.

“ಸುಟ್ಟ ಬೆಲ್ಲದ ಬಣ್ಣದ್ದು ಒಯ್ದಿದ್ದೆ. ಇದು ಬೆಳ್ಳಗ ಅದ. ಯಾರಿಗೆ ತಿಳೀತದ?”

“ತಿಳಿದ್ರ ಕುದುರಿ ಕಸಗೋತಾರ. ನಿಮ್ಮ ಮಾತಿಗೂ ಕಿಮ್ಮತ್ತು ಉಳಿಯಂಗಿಲ್ಲ.”

“ಆ ಮನಿ ಹುಡುಗ್ರು ನನ್ನ ಹಗ್ಗ ಬಿಟ್ಟು ಗುಡಿಗೆ ಹೋಗಿಲ್ಲ. ಇಲ್ಲ ಅಂತ ಹೆಂಗ ಬರೀಲಿ?”

ಇದು ಅವನು ಹೇಳಿದ ಕಾರಣ. ಹೇಳದ ಕಾರಣ ಬೇರೆ ಇತ್ತು. ತಾವು ಅರಿಷಿಣ ಚೆಲ್ಲಿ ಹೊರಗೆ ಹಾಕಿದ ಮರಿ ಏನಾಗಿದೆ ಎಂದು ಆ ವಾಡೆ ಒಮ್ಮೆ ನೋಡಬೇಕೆಂದು ಎಂಟು ವರ್ಷದಿಂದ ಅವನಿಗೆ ಆಸೆಯಿತ್ತು. ಅದು ಇದೇ ಎಂದು ಅವರಿಗೆ ತಿಳಿಯಬಾರದು, ಆದರೆ ನೋಡಬೇಕು. ಇಂಥ ಆಸೆಗೆ ತರ್ಕವಿರುವುದಿಲ್ಲ, ಕಸುಬು ಗೊತ್ತಿದ್ದವರಿಗೆ ಬರುವ ರೋಗ ಅದು.

ಲಗ್ನದ ಹಿಂದಿನ ದಿನ ಹೊರಟು ಅಕ್ಕಲಕೋಟೆಯಲ್ಲಿ ತಂಗಿ, ನಸುಕಿಗೆ ಮುಂಚೆ ಸೊಲ್ಲಾಪುರದ ದಾರಿ ಹಿಡಿದ. ಡಾಂಬರು ಬಿದ್ದಿತ್ತು; ಶಾಳೂವಿನ ಲಾಳದ ಸದ್ದು ಮುಂಚಿನಂತೆ ಮಣ್ಣಿನಲ್ಲಿ ಇಂಗದೆ ಟಕಟಕ ಎಂದು ಎದ್ದು ಬರುತ್ತಿತ್ತು. ನೆರಳು ಕೊಡುತ್ತಿದ್ದ ಜಾಲಿಮರಗಳಲ್ಲಿ ಮೂರನ್ನು ರಸ್ತೆಯ ಅಗಲಕ್ಕೆ ಕಡಿದಿದ್ದರು. ಎಸ್‌.ಟಿ. ಬಸ್ಸುಗಳು ಪಕ್ಕದಿಂದ ಧೂಳೆಬ್ಬಿಸಿ ಹೋದವು. ಮೋಟಾರ್‌ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ತರುಣ ನಿಧಾನ ಮಾಡಿ ಕೇಳಿದ: “ಕಾಕಾ, ಕುದುರಿ ಇದ್ದೂ ಯಾಕ ನಡಕೋತ ಹೊಂಟೀರಿ? ಹತ್ತಬಾರದೇನು?”

“ಇಬ್ಬರೂ ನಡದ್ರ ಮಾತಾಡಾಕ ಬರತದ ತಮ್ಮಾ.”

ತರುಣ ಕುದುರೆಯ ಬಾಯಿ ನೋಡಿ, ಅವನ ಬಾಯಿ ನೋಡಿ ಮುಂದೆ ಹೋದ. ವಳಸಂಗದ ಬಾವಿಯಲ್ಲಿ ನೀರು ಕುಡಿಸುವಾಗ ದೂರದ ಭೋಂಗಾ ಕೇಳಿಸಿತು. ಶಾಳೂ ಕಡಲೆ ಎಲ್ಲಿ ಎಂದು ಅವನ ಕಿಸೆ ಮೂಸಿತು. ಹೀಗೆ ಕುದುರೆಯ ಜೊತೆ ಈ ದಾರಿಯಲ್ಲಿ ನಡೆಯುವವರು ಇನ್ನು ಯಾರಿದ್ದಾರೆ ಎಂದು ಲೆಕ್ಕ ಹಾಕಿದ. ಒಂದು ಕೈಯ ಬೆರಳೂ ಮುಗಿಯಲಿಲ್ಲ.

ವಾಡೆಯ ಮುಂದೆ ಹಂದರ ಬಿದ್ದಿತ್ತು. ಬ್ಯಾಂಡಿನವರು ಚಹ ಕುಡಿಯುತ್ತಿದ್ದರು. ರೇವಣಸಿದ್ಧ ಬಾಸಿಂಗ ಕಟ್ಟಿಕೊಂಡೇ ಓಡಿ ಬಂದು ಕುದುರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕಲ್ಯಾಣಪ್ಪ ಗಡಿಯಾರ ನೋಡಿಕೊಂಡು, “ಹನ್ನೆರಡಕ್ಕ ಹೊರಡಬೇಕು ನೋಡಪಾ, ಅಕ್ಷತಾದ ಟೈಮ್ ತಪ್ಪಬಾರದು,” ಎಂದ. ಯಾರೂ ಏನೂ ಗುರುತಿಸಲಿಲ್ಲ. ಶಾಂತಲಿಂಗಪ್ಪನಿಗೆ ಉಸಿರು ಬಂತು. ಎಂಟು ವರ್ಷದ ಹೆದರಿಕೆ ಇಷ್ಟಕ್ಕೇ ಎಂದು ಸ್ವಲ್ಪ ನಿರಾಸೆಯೂ ಆಯಿತು.

ಬೆನ್ನಿಗೆ ಜರಿಯ ಝೂಲು ಹೊದಿಸಲೆಂದು ಅವನು ಹಗ್ಗ ಕೈಬಿಟ್ಟು ಗಂಟು ಬಿಚ್ಚತೊಡಗಿದ. ಸಭ್ಯ ಕುದುರೆ, ನಿಲ್ಲಿಸಿದಲ್ಲಿ ನಿಲ್ಲುವಂಥದ್ದು. ಅಂದು ನಿಲ್ಲಲಿಲ್ಲ. ಹಂದರದ ಕಂಬಗಳ ನಡುವಿನಿಂದ, ಹೂ ಕಟ್ಟುತ್ತಿದ್ದ ಹೆಂಗಸರ ಪಕ್ಕದಿಂದ, ಯಾರಿಗೂ ತಾಗದಂತೆ ದಾರಿ ಮಾಡಿಕೊಂಡು, ತುಳಸಿಕಟ್ಟೆ ಬಳಸಿ ಹಿತ್ತಲಿಗೆ ನಡೆಯಿತು. ಅವನು ಹಿಂದೆ ಓಡಿ ಬರುವಷ್ಟರಲ್ಲಿ ಅದು ಹಳೆಯ ಲಾಯದೊಳಗೆ ತಲೆ ಹಾಕಿ, ಅಲ್ಲಿ ನಿಂತಿದ್ದ ಅಂಬಾಸಡರ್ ಮೋಟಾರಿನ ಮೇಲೆ ಗದ್ದ ಊರಿ ನಿಂತಿತ್ತು.

ಹಿಂದೆ ಬಂದವರೆಲ್ಲ ನಕ್ಕರು. ಆಯಿ ನಗಲಿಲ್ಲ. ಅವಳಿಗೆ ಆ ವರ್ಷ ಮಿರಜದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ದಪ್ಪ ಕನ್ನಡಕದ ಹಿಂದೆ ಕಣ್ಣುಗಳು ಎರಡರಷ್ಟು ದೊಡ್ಡವಾಗಿ ಕಾಣುತ್ತಿದ್ದವು. ಕೋಲೂರಿಕೊಂಡು ಹತ್ತಿರ ಬಂದಳು.

“ಯಾಕಪಾ ಶಾಂತಲಿಂಗಾ, ಈ ಕುದುರಿಗೆ ನಮ್ಮ ಲಾಯದ ಗುರ್ತ ಹೆಂಗ?”

“ನೆಳ್ಳಿಗೆ ಹೋಗ್ಯಾದ್ರಿ ಆಯಿ.”

“ನೆಳ್ಳು ಮುಂದ ಹಂದರದಾಗೂ ಇತ್ತಲ್ಲ.”

ಅವನು ಹಗ್ಗಕ್ಕೆ ಕೈ ಹಾಕಿದ. ಶಾಳೂ ಮೋಟಾರು ಬಿಟ್ಟು ತಿರುಗಿ, ಆಯಿಯ ಸೆರಗಿನ ತುದಿ ತುಟಿಯಲ್ಲಿ ಹಿಡಿದು, ಎರಡು ಸಲ ಎಳೆಯಿತು.

ಆಯಿ ಸೆರಗು ಬಿಡಿಸಿಕೊಳ್ಳಲಿಲ್ಲ. “ಇದು ಅದಽ ಏನೋ?” ಎಂದಳು.

ಆ ಕ್ಷಣದಲ್ಲಿ ಶಾಂತಲಿಂಗಪ್ಪನಿಗೆ ಮೂರು ದಾರಿ ಕಂಡವು. ಹೌದು, ಅದೇ, ಕಣ್ಣೀರ ಸುಳಿಯೂ ಇದೆ ಎನ್ನಬಹುದು. ಆಗ ಗೊತ್ತಿದ್ದೂ ಅಪಶಕುನವನ್ನು ಲಗ್ನದ ಮನೆಗೆ ತಂದವನಾಗುತ್ತಾನೆ, ಶಾಳೂವಿನ ಮೇಲೆ ಇನ್ನು ಯಾವ ನವರದೇವನೂ ಹತ್ತುವುದಿಲ್ಲ. ಸುಳಿ ಇಲ್ಲವೇ ಇಲ್ಲ ಎನ್ನಬಹುದು. ಆಗ ಸುಳ್ಳು ಹೇಳಿ ಒಯ್ದ ಕುದುರೆಯನ್ನು ಬಿಟ್ಟುಕೊಡಬೇಕು. ಮೂರನೆಯದು ಬಲು ಸುಲಭ: ಆ ಮರಿ ಸತ್ತಿತು, ಇದು ಬೇರೆ. ಬಣ್ಣವೇ ಸಾಕ್ಷಿ.

ಬಾಯಿ ತೆರೆದ. ಶಾಳೂ ಆಯಿಯ ಹೆಗಲ ಮೇಲಿಂದ ಅವನನ್ನೇ ನೋಡುತ್ತಿತ್ತು. ನಿಂತಿರುವ ಕುದುರೆಯ ಎದುರಿಗೆ ಅದು ಸತ್ತಿದೆ ಎಂದು ಹೇಳಲು ಅವನಿಂದ ಆಗಲಿಲ್ಲ.

“ಅದಽ ಅದರಿ ಆಯಿ.”

ತಡವಳದಿಂದ ಬಂದಿದ್ದ ಇಂದುಬಾಯಿ ರೇವಣಸಿದ್ಧನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದಳು. ಆಯಿ ಕನ್ನಡಕ ಏರಿಸಿಕೊಂಡು ಕುದುರೆಯ ಮುಖವನ್ನು ತನ್ನ ಕಡೆ ತಿರುಗಿಸಿದಳು. ಹೆಬ್ಬೆರಳಿನಿಂದ ಎಡಗಣ್ಣಿನ ಕೆಳಗೆ ಸವರಿದಳು, ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ.

“ನುಣ್ಣಗ ಅದ,” ಎಂದಳು. “ಸುಳಿ ಎಲ್ಲಿ ಹೋತು?”

ಗಡಿಯಾರ ನೋಡುತ್ತಿದ್ದ ಕಲ್ಯಾಣಪ್ಪ ವ್ಯಾಪಾರಿಯಂತೆ ನಡುವೆ ಬಂದ. “ದೊಡ್ಡದಾಗ್ತ ಹೋಗಿರಬೇಕು ಬಿಡಬೇ. ಬಣ್ಣ ಹೋಗಿಲ್ಲೇನು? ಹಂಗಽ ಸುಳಿನೂ ಹೋಗ್ಯಾದ. ಹೌದಲ್ಲೋ ಶಾಂತಲಿಂಗಪ್ಪ?”

ಅದು ನಾಲ್ಕನೆಯ ದಾರಿ, ಚಾದರು ಹಾಸಿಟ್ಟಂಥದ್ದು. ಅದರ ಮೇಲೆ ಕಾಲಿಡುವ ಮೊದಲೇ ಇಂದುಬಾಯಿ ಅದನ್ನು ಸುತ್ತಿ ತೆಗೆದಳು.

“ಸುಳಿ ಹೆಂಗ ಹೋಗತದಣ್ಣಾ? ನಮ್ಮ ಕೆಂದು ಕುದುರಿ ಬೆನ್ನ ಮ್ಯಾಲ ಹಾವಿನ ಸುಳಿ ಅದ ಅಂತ ಇವರಽ ಹೇಳಿದ್ರು. ಬೆಳದ ಮ್ಯಾಲ ಹೋಗತದೇನ್ರಿ ಅಂತ ನಮ್ಮವರು ಕೈ ಮುಗದು ಕೇಳಿದ್ರು. ಸಾಯೂತನಕ ಅಲ್ಲೇ ಇರತದ ಅಂದ್ರು. ಕುದುರಿ ಕೊಟ್ಟಬಿಟ್ಟಿವಿ.”

ಹೇಳಿದ್ದ. ಅದು ನಿಜವೂ ಆಗಿತ್ತು.

“ಸುಳಿ ಹೋಗಿಲ್ರಿ ಆಯಿ,” ಎಂದ ಶಾಂತಲಿಂಗಪ್ಪ. “ಆವತ್ತೂ ಇರಲಿಲ್ಲ.”

ಮುಂದಿನ ಅಂಗಳದಲ್ಲಿ ಬ್ಯಾಂಡಿನವನೊಬ್ಬ ಕ್ಲಾರಿಯೋನೆಟ್ ಊದಿ ನೋಡಿ ನಿಲ್ಲಿಸಿದ.

“ಮತ್ತ ಯಾಕ ಹಂಗಂದಿ?”

“ಕಣ್ಣಿನ ಸುತ್ತ ಬಿಳಿ ಕೂದಲಾ ಇದ್ದುವ್ರಿ. ದೊಡ್ಡದಾದ್ರ ಹಿಂಗ ಬೆಳ್ಳಗಾಗತದ ಅಂತ ತಿಳೀತು. ಆ ಮಂಗಳವೇಢೆಯವನ ಕೈಗೆ ಹೋಗೂದು ಮನಸಿಗೆ ಬರಲಿಲ್ರಿ. ಅವ ಬೆರಳ ಒತ್ತಿದಷ್ಟು ಒತ್ತಾಕ ನನ್ನ ಕೈಯಾಗ ಏನೂ ಇರಲಿಲ್ಲ.”

“ನನ್ನ ಕೇಳಬೇಕಾಗಿತ್ತು.”

“ಏನಂತ್ರಿ?”

“ಆಯೀ, ಈ ಮರಿ ನನಗ ಕೊಡ್ರಿ ಅಂತ.” ಆಯಿ ಕುದುರೆಯ ಬಾಯಿಂದ ಸೆರಗು ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. “ಕೇಳಿದ್ರ ಕೊಡತಿದ್ದೆ.”

ಮೂವತ್ತು ವರ್ಷ ಟವೆಲಿನ ಕೆಳಗೆ ಬೆರಳು ಒತ್ತಿದ ಮನುಷ್ಯ. ಕುದುರೆಯ ವ್ಯವಹಾರದಲ್ಲಿ ಬೇಕು ಎಂಬುದನ್ನು ಬೇಡವೆಂಬಂತೆ, ಬೇಡವೆಂಬುದನ್ನು ಮಳೆ ಬಂತೆ ಎಂಬಂತೆ ಹೇಳುವುದು ಅವನಿಗೆ ಗೊತ್ತಿತ್ತು. ಕೇಳುವುದು ಎಂಬ ಉಪಾಯ ಇದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಹಂಗಾರ ನಮ್ಮ ಕೆಂದುದು?” ಎಂದಳು ಇಂದುಬಾಯಿ.

“ನಿಮ್ಮದು ಖರೇ ಇತ್ರಿ ಅಕ್ಕಾರ.”

“ಖರೇ ಯಾವುದು, ಸುಳ್ಳು ಯಾವುದು, ಈಗ ಯಾರಿಗೆ ಗೊತ್ತು,” ಎಂದು ಅವಳು ಅಲ್ಲಿದ್ದವರ ಮುಖವನ್ನೆಲ್ಲ ಒಂದು ಸುತ್ತು ನೋಡಿದಳು. ಯಾರಿಗೂ ಗೊತ್ತಿರಲಿಲ್ಲ.

“ಕುದುರಿ ನಂದು,” ಎಂದಳು ಆಯಿ.

“ಹೌದ್ರಿ.” ಅವನು ಹಗ್ಗ ಚಾಚಿದ. ಆಯಿ ತೆಗೆದುಕೊಂಡಳು. ಅಂಗೈ ಖಾಲಿಯಾದದ್ದು ಅವನಿಗೆ ತಿಳಿಯಿತು. ಇದು ಎರಡನೆಯ ಸಲ.

“ಆಯೀ, ಟೈಮ್,” ಎಂದ ರೇವಣಸಿದ್ಧ, ಬಾಸಿಂಗ ಸರಿಮಾಡಿಕೊಳ್ಳುತ್ತ. ಕುದುರೆ ಯಾರದಾದರೂ ಅವನಿಗೆ ಅದರ ಮೇಲೆ ಹತ್ತುವುದು ಮುಖ್ಯವಾಗಿತ್ತು. ಆಯಿ ಕುದುರೆಯ ಹಣೆಗೆ ಕುಂಕುಮ ಹಚ್ಚಿದಳು. ಅವನು ಹತ್ತಿದ. ಕಲ್ಯಾಣಪ್ಪನ ಅಂಗಡಿಯ ಗುಮಾಸ್ತನೊಬ್ಬ ಹಗ್ಗ ಹಿಡಿದ. ಅವನು ಹುಟ್ಟಿದಾರಭ್ಯ ಕುದುರೆ ಮುಟ್ಟಿದವನಲ್ಲ.

ಶಾಂತಲಿಂಗಪ್ಪ ಹಿಂದೆ, ಕಳಸ ಹಿಡಿದ ಹೆಂಗಸರ ಹಿಂದೆ, ನಡೆದ. ಕುದುರೆ ನಿಲ್ಲಬಹುದು, ಒಮ್ಮೆ ತಿರುಗಿ ನೋಡಬಹುದು ಎಂದು ಶುಕ್ರವಾರ ಪೇಠೆಯ ತಿರುವಿನವರೆಗೂ ಕಾದ. ಬ್ಯಾಂಡು ಮೊಳಗಿತು. ಶಾಳೂ ಕಿವಿ ಮುಂದೆ ಮಾಡಿ, ಗುಮಾಸ್ತನ ಪಕ್ಕದಲ್ಲಿ, ಒಂದು ಹೆಜ್ಜೆಯೂ ತಪ್ಪದೆ ಹೋಯಿತು. ಯಾರು ಹಿಡಿದರೂ ಹೋಗುವಂತೆ ಕಲಿಸಿದವನು ತಾನೇ. ನಡುದಾರಿಯಲ್ಲಿ ಗಿರಣಿಯ ಭೋಂಗಾ ಕೂಗಿದಾಗ ಗುಮಾಸ್ತ ಬೆಚ್ಚಿದ, ತಾಸೆಯವನ ತಾಳ ತಪ್ಪಿತು, ಕುದುರೆ ಗುಮಾಸ್ತನ ಕಿಸೆ ಮೂಸಿ ಮುಂದೆ ನಡೆಯಿತು. ಇಷ್ಟು ಚೆನ್ನಾಗಿ ಪಳಗಿದ ಕುದುರೆಯನ್ನು ಶಾಂತಲಿಂಗಪ್ಪ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಹಿಂದಿನಿಂದ ನೋಡಿದ್ದು ಅದೇ ಮೊದಲು.

ಅಕ್ಷತೆ ಬಿತ್ತು, ಊಟವಾಯಿತು. ಸಂಜೆ ಆಯಿ ಹಿತ್ತಲಿನಲ್ಲಿ ಮೋಟಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಶಾಳೂವನ್ನು ಬಾವಿಯ ಕಂಬಕ್ಕೆ ಕಟ್ಟಿದ್ದರು. ಯಾರೋ ಅದರ ಮುಂದೆ ಬುಂದಿಯ ತಟ್ಟೆ ಇಟ್ಟಿದ್ದರು.

“ಇದನ್ನ ತಿನ್ನಸ್ತಾರೇನೋ ಕುದುರಿಗೆ?” ಎಂದು ಶಾಂತಲಿಂಗಪ್ಪನನ್ನು ಕೇಳಿದಳು.

“ಇಲ್ರಿ. ಹೊಟ್ಟಿ ನೂಸತದ. ಕಡ್ಲಿ ನೆನಸಬೇಕು.”

“ಎಷ್ಟೊತ್ತು?”

“ಆರು ತಾಸು. ಬ್ಯಾಸಗ್ಯಾಗ ನಾಲ್ಕು.”

ಆಯಿ ಮನೆಯ ಕಡೆ ನೋಡಿದಳು. ಮಗ ಜಗುಲಿಯಲ್ಲಿ ನಿದ್ದೆ ಮಾಡುತ್ತಿದ್ದ, ಗುಮಾಸ್ತ ಕೈಗೆ ಹತ್ತಿದ ಹಗ್ಗದ ಗಾಯಕ್ಕೆ ಅರಿಷಿಣ ಹಚ್ಚಿಕೊಳ್ಳುತ್ತಿದ್ದ. “ಕಟ್ಟಾಕ ಜಾಗಾ ಇಲ್ಲ. ಮೋಟಾರ ಹೊರಗ ನಿಲ್ಲಸಂದ್ರ ಕಲ್ಯಾಣಿ ಊಟಾ ಬಿಡತಾನ,” ಎಂದಳು. “ಕುದುರಿ ನಂದು. ನಿನ್ನ ಹಂತ್ಯಾಕ ಇರಲಿ. ವರ್ಷಕ್ಕೊಮ್ಮೆ ತಂದು ತೋರಸು. ಇನ್ನೊಂದು, ಏನರ ಬೇಕಾದ್ರ ಕೇಳು.”

ಅವನಿಗೆ ಒಂದು ಬೇಕಾಗಿತ್ತು. ಗಂಟಲು ಸರಿಮಾಡಿಕೊಂಡ.

“ಆಯೀ, ನಾಲ್ಕು ಭಕ್ರಿ ಕೊಡ್ರಿ. ದಾರಿಗೆ.”

ಈ ಸುದ್ದಿ ಬಸ್ಸಿನಲ್ಲಿ ಕೂತು ಅವನಿಗಿಂತ ಮೊದಲು ವಾಗದರಿಗೆ ಹೋಗಿತ್ತು. ಮಳೆಗಾಲ ಪೂರ್ತಿ ಜನ ಬಂದು ಶಾಳೂವಿನ ಎಡಗಣ್ಣಿನ ಕೆಳಗೆ ಬೆರಳಾಡಿಸಿದರು. ಇಲ್ಲ ಎಂದವರು ಅರ್ಧ. ಉಳಿದ ಅರ್ಧ ಜನ ಸುಳಿ ಇದೆ ಎಂದೇ ಹೇಳಿದರು. ಮೊದಲು ಹೇಳಿದ್ದೇ ನಿಜ, ಕುದುರೆಯ ಮೇಲಿನ ಆಸೆಗೆ ಶಾಂತಲಿಂಗಪ್ಪ ಈಗ ಸುಳ್ಳು ಹೇಳುತ್ತಿದ್ದಾನೆ ಎಂಬುದು ಅವರ ತೀರ್ಮಾನ. ಹಳೆಯ ಗಿರಾಕಿಗಳು ತಮ್ಮ ಮಾರಿದ, ಕೊಟ್ಟ, ಸತ್ತ ಕುದುರೆಗಳ ಸುಳಿಯನ್ನೆಲ್ಲ ಮತ್ತೆ ವಿಚಾರಣೆಗೆ ತಂದರು. ಎಲ್ಲರಿಗೂ ಅವನು ಒಂದೇ ಉತ್ತರ ಕೊಟ್ಟ: ನಿಮ್ಮದು ಖರೇ ಇತ್ತು. ಯಾರೂ ನಂಬಲಿಲ್ಲ. ನೀಲಾಬಾಯಿ ಬಂದವರಿಗೆಲ್ಲ ಚಹ ಮಾಡಿ ಕೊಟ್ಟಳು, ಗಂಡನಿಗೆ ಏನೂ ಅನ್ನಲಿಲ್ಲ. ಅನ್ನಬೇಕಾದದ್ದನ್ನು ಎಂಟು ವರ್ಷದ ಹಿಂದೆಯೇ ಅಂದಿದ್ದಳು.

ಸುಳಿ ನೋಡಲು ಶಾಂತಲಿಂಗಪ್ಪನನ್ನು ಮತ್ತೆ ಯಾರೂ ಕರೆಯಲಿಲ್ಲ. ಕುದುರೆ ಅವನ ಹತ್ತಿರ ಉಳಿಯಿತು.